ಸ್ನಾತಕೋತ್ತರ ಓದಿಗೆ ಮುನ್ನ: ನನ್ನ ಪರಿಚಯ ಮತ್ತು ಒಂದು ಪ್ರಶ್ನೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಆರನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುವ ನಾನು, ಮುಂದಿನ ತಿಂಗಳು ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಆರಂಭಿಸಲಿದ್ದೇನೆ. ಮೊದಲ ದಿನ ಬರುವಾಗ ಒಂದು ಪುಟದ ಸ್ವಪರಿಚಯವನ್ನೂ, ಅಧ್ಯಯನ ಮಾಡಬಯಸುವ ವಿಷಯವನ್ನೂ ಬರೆದು ತರಬೇಕೆಂದು ತಿಳಿಸಿದ್ದಾರೆ. ಪರಿಚಯ ನಾಲ್ಕು ಸಾಲಿನಲ್ಲಿ ಮುಗಿಯಿತು. ವಿಷಯಕ್ಕೆ ಬಂದಾಗ ಲೇಖನಿ ನಿಂತುಬಿಟ್ಟಿದೆ.

ನನ್ನನ್ನು ಮತ್ತೆ ಓದಿನತ್ತ ಎಳೆದದ್ದು ಒಂದು ಚಿಕ್ಕ ಲೆಕ್ಕ. 0.5 ಮತ್ತು 0.125, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ ಒಬ್ಬ ಹುಡುಗಿ ತಡಮಾಡದೆ 0.125ರ ಸುತ್ತ ಗೆರೆ ಎಳೆದು, "ಐದಕ್ಕಿಂತ ನೂರ ಇಪ್ಪತ್ತೈದು ದೊಡ್ಡದಲ್ಲವೇ, ಮಿಸ್?" ಎಂದಳು. 0.5ರ ಮುಂದೆ ಎರಡು ಸೊನ್ನೆ ಸೇರಿಸಿ 0.500 ಎಂದು ಬರೆದು ತೋರಿಸಿದೆ, ಒಪ್ಪಿಕೊಂಡಳು. ಮರುವಾರ ಬೇರೆ ಸಂಖ್ಯೆಗಳನ್ನು ಕೊಟ್ಟಾಗ ಮತ್ತೆ ಅದೇ ಉತ್ತರ ಬಂತು. ಮಕ್ಕಳು ತಪ್ಪು ಕಲ್ಪನೆಯನ್ನು ಏಕೆ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬ ಕುತೂಹಲ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇದು ಒಂದು ಸಂಶೋಧನಾ ಪ್ರಶ್ನೆಯಾಗಬಲ್ಲದೇ?

ಮೊದಲ ಉತ್ತರ

ಖಂಡಿತ ಆಗಬಲ್ಲದು, ಆದರೆ ಈಗಿರುವ ರೂಪದಲ್ಲಿ ಅದು ಒಂದು ಜೀವಮಾನಕ್ಕೂ ಮುಗಿಯದಷ್ಟು ದೊಡ್ಡದು. ಆ ಹುಡುಗಿಯ ಮಾತನ್ನೇ ಹಿಡಿದುಕೊಳ್ಳಿ. ಅವಳು ಮನಸ್ಸಿಗೆ ಬಂದದ್ದನ್ನು ಹೇಳಿಲ್ಲ. ಪೂರ್ಣಸಂಖ್ಯೆಗಳಲ್ಲಿ ಎಂದೂ ಕೈಕೊಡದ ನಿಯಮವೊಂದನ್ನು ದಶಮಾಂಶಕ್ಕೂ ಅನ್ವಯಿಸಿದ್ದಾಳೆ. ಅದುವರೆಗೆ ಸರಿಯುತ್ತರ ತಂದುಕೊಟ್ಟ ನಿಯಮವಾದ್ದರಿಂದಲೇ ಅದನ್ನು ಬಿಡುವುದು ಕಷ್ಟ.

ನಿಮಗೊಂದು ಮರುಪ್ರಶ್ನೆ: 0.5 ದೊಡ್ಡದು ಎಂದು ಸರಿಯಾಗಿ ಹೇಳಿದ ಮಕ್ಕಳನ್ನು "ಏಕೆ" ಎಂದು ಕೇಳಿದಿರಾ? ಬಿಂದುವಿನ ನಂತರ ಅಂಕಿಗಳು ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು ಎಂದು ನಂಬಿರುವ ಮಗುವೂ ಇಲ್ಲಿ ಸರಿಯುತ್ತರವನ್ನೇ ಕೊಡುತ್ತದೆ. 0.3 ಮತ್ತು 0.45 ಕೊಟ್ಟು ನೋಡಿ. ಆಗ ಆ ಹುಡುಗಿಯ ಉತ್ತರ ಸರಿಯಾಗುತ್ತದೆ, ಈ ಮಗುವಿನದು ತಪ್ಪಾಗುತ್ತದೆ. ಒಂದೇ ಅಂಕಪಟ್ಟಿಯ ಹಿಂದೆ ಅಡಗಿರುವ ಎರಡು ಬೇರೆ ಬೇರೆ ಆಲೋಚನೆಗಳನ್ನು ಬೇರ್ಪಡಿಸುವುದೇ ನನ್ನ ದೃಷ್ಟಿಯಲ್ಲಿ ಒಳ್ಳೆಯ ಆರಂಭ.

ಎರಡನೆಯ ಉತ್ತರ

ಮೇಲಿನ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ಕೇಳುವಾಗ ಕಾಯುವುದನ್ನು ಮರೆಯಬೇಡಿ. ಪ್ರಶ್ನೆ ಕೇಳಿದ ಬಳಿಕ ಶಿಕ್ಷಕರು ಸಾಮಾನ್ಯವಾಗಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಬೋಧನೆಯ ಅಭ್ಯಾಸವಿರುವವರಿಗೆ ಆ ಮೌನವನ್ನು ಸಹಿಸುವುದು ಸುಲಭವಲ್ಲ. ತಿದ್ದಲು ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮಗು ಹೇಳಿದ ಮಾತನ್ನು ಅದರ ಪದಗಳಲ್ಲೇ ಅಂದೇ ಬರೆದಿಡಿ, ಏಕೆಂದರೆ ಸಂಜೆಯ ಹೊತ್ತಿಗೆ ಅದು ನಮ್ಮ ಮಾತಾಗಿ ಬದಲಾಗಿರುತ್ತದೆ.

ಇನ್ನೊಂದು ಮಾತು: ಸ್ವಂತ ತರಗತಿಯನ್ನೇ ಅಧ್ಯಯನಕ್ಕೆ ಆರಿಸಿಕೊಳ್ಳುವುದಾದರೆ ಪೋಷಕರ ಒಪ್ಪಿಗೆ ಬೇಕು, ಮಕ್ಕಳದೂ ಬೇಕು. ಅಂಕ ಕೊಡುವವರೇ ಕೇಳಿದಾಗ ಬೇಡ ಎನ್ನಲು ಮಗು ಹಿಂಜರಿಯುತ್ತದೆ. ಆದ್ದರಿಂದ ಆ ಒಪ್ಪಿಗೆಯನ್ನು ಬೇರೊಬ್ಬರ ಮೂಲಕ ಕೇಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು 0.3 ಮತ್ತು 0.45 ಕೊಟ್ಟು ನೋಡಿದೆ. ಸದಾ ಪೂರ್ಣ ಅಂಕ ಪಡೆಯುವ ಹುಡುಗನೊಬ್ಬ 0.3 ದೊಡ್ಡದೆಂದ. ಬಾಯಿ ಬಿಗಿಹಿಡಿದು ಕಾದೆ. ಸ್ವಲ್ಪ ಹೊತ್ತಿನ ನಂತರ ಅವನು, "ಹತ್ತು ಚೂರು ಮಾಡಿದರೆ ಚೂರು ದಪ್ಪ, ನೂರು ಮಾಡಿದರೆ ಪುಡಿ" ಎಂದ. ಚೂರುಗಳ ಗಾತ್ರ ಅವನಿಗೆ ಗೊತ್ತಿತ್ತು, ಅವು ಎಷ್ಟಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಷ್ಟು ವರ್ಷ ಇಂತಹ ಎಷ್ಟು ಉತ್ತರಗಳಿಗೆ ಸರಿ ಗುರುತು ಹಾಕಿದ್ದೇನೋ! ಪರಿಚಯದ ಪುಟದಲ್ಲಿ ವಿಷಯವನ್ನು ಹೀಗೆ ಬರೆದಿದ್ದೇನೆ: "ದಶಮಾಂಶಗಳನ್ನು ಹೋಲಿಸುವಾಗ ಸರಿಯುತ್ತರ ಕೊಡುವ ಆರನೆಯ ತರಗತಿಯ ಮಕ್ಕಳು ಅದಕ್ಕೆ ಯಾವ ಕಾರಣ ಕೊಡುತ್ತಾರೆ?"