ಫ್ರೆಂಚಿನ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ರೂಪಗಳನ್ನು ನೀವು ಹೇಗೆ ಕಲಿತಿರಿ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ನನ್ನ ವಿಷಯ ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು. ಪ್ಯಾರಿಸಿನಲ್ಲಿ 1783ರಲ್ಲಿ ಅಚ್ಚಾದ, ಮೇಸ್ತ್ರ್ ದ ಲಾ ತೂರ್ ಬರೆದ ಹೈದರ್ ಅಲಿಯ ಚರಿತ್ರೆಯನ್ನು ಮೂಲದಲ್ಲಿಯೇ ಓದಬೇಕೆಂದು ಫ್ರೆಂಚ್ ಕಲಿತೆ. ಈಗಿನ ಪತ್ರಿಕೆಗಳನ್ನು ತಕ್ಕಮಟ್ಟಿಗೆ ಓದಬಲ್ಲೆ. ಆದರೆ ಹಳೆಯ ಗ್ರಂಥ ತೆರೆದರೆ ತರಗತಿಯಲ್ಲಿ ಕಾಣದ ಕ್ರಿಯಾರೂಪಗಳು ಎದುರಾಗುತ್ತವೆ. ಅವು ಇಂಪರ್ಫೆಕ್ಟ್ ಸಬ್ಜಂಕ್ಟಿವ್, ಅಂದರೆ ಅಪ್ಪಣೆ, ಆಸೆ, ಸಂದೇಹ ಮುಂತಾದವನ್ನು ಹೇಳುವ ಸಬ್ಜಂಕ್ಟಿವ್‌ನ ಒಂದು ಭೂತಕಾಲ ರೂಪ ಎಂದು ವ್ಯಾಕರಣ ಪುಸ್ತಕ ಹೇಳುತ್ತದೆ. ಆರು ಪುರುಷರೂಪಗಳ ಕೋಷ್ಟಕವನ್ನು ಪೂರ್ತಿ ಬಾಯಿಪಾಠ ಮಾಡಬೇಕೆ? ಈ ದಾರಿಯಲ್ಲಿ ನಡೆದವರು ದಯವಿಟ್ಟು ಅನುಭವ ತಿಳಿಸಿ.

ಫ್ರೆಂಚ್ ಬೋಧಕಿ, ಬೆಂಗಳೂರು

ಇದಕ್ಕೆ ಹೆದರಬೇಕಾಗಿಲ್ಲ. ಪಾಸೆ ಸಾಂಪ್ಲ್, ಅಂದರೆ ಬರವಣಿಗೆಯಲ್ಲಿ ಕಥನಕ್ಕೆ ಬಳಸುವ ಭೂತಕಾಲ, ನಿಮಗೆ ಗಟ್ಟಿಯಾಗಿ ಗೊತ್ತಿದ್ದರೆ ಮುಕ್ಕಾಲು ಕೆಲಸ ಆಗಿಹೋಗಿದೆ. ನನ್ನ ವಿದ್ಯಾರ್ಥಿಗಳು ಎಡವುವುದೆಲ್ಲ ಅದನ್ನು ಬಿಟ್ಟು ನೇರವಾಗಿ ಇದಕ್ಕೆ ಹಾರಿದಾಗ.

ಪಾಸೆ ಸಾಂಪ್ಲ್‌ನಲ್ಲಿ ‘ತು’, ಅಂದರೆ ‘ನೀನು’ ರೂಪವನ್ನು ತೆಗೆದುಕೊಳ್ಳಿ. ಪಾರ್ಲೆ (ಮಾತನಾಡು) ಧಾತುವಿಗೆ ಅದು ‘ತು ಪಾರ್ಲಾ’. ಬರೆಯುವಾಗ ಕೊನೆಯಲ್ಲಿ ಉಚ್ಚಾರವಿಲ್ಲದ ಒಂದು ಎಸ್ ಇರುತ್ತದೆ. ಆ ಎಸ್‌ಗೆ ಇನ್ನೊಂದು ಎಸ್ ಮತ್ತು ಇ ಅಕ್ಷರ ಸೇರಿಸಿದರೆ ‘ಪಾರ್ಲಾಸ್’ ಬಂತು. ನಾನು, ನೀನು, ಅವರು ಮೂವರಿಗೂ ಕಿವಿಗೆ ಕೇಳಿಸುವುದು ಇದೇ. ಕಾಗುಣಿತದ ಬಾಲ ಮಾತ್ರ ಬೇರೆ. ‘ನಾವು’ ಎಂದರೆ ಪಾರ್ಲಾಸಿಯೋಂ, ‘ನೀವು’ ಎಂದರೆ ಪಾರ್ಲಾಸಿಯೇ. ಪ್ರಥಮ ಪುರುಷ ಏಕವಚನ, ಅಂದರೆ ‘ಅವನು’ ರೂಪ, ಒಂದೇ ಈ ಸಾಲಿನಿಂದ ಹೊರಗಿದೆ: ಅಲ್ಲಿ ಜೋಡಿ ಎಸ್ ಇಲ್ಲ, ಸ್ವರದ ಮೇಲೆ ಟೊಪ್ಪಿಯಂಥ ಸರ್ಕಂಫ್ಲೆಕ್ಸ್ ಗುರುತು, ಕೊನೆಗೆ ಉಚ್ಚರಿಸದ ಟಿ. ಕೇಳಿಸುವುದು ‘ಪಾರ್ಲಾ’.

ಸ್ವರಗಳ ಹಾದಿ ನಾಲ್ಕೇ. ಇ-ಆರ್ ಅಂತ್ಯದ ಧಾತುಗಳೆಲ್ಲ ‘ಆ’ ಹಾದಿಯಲ್ಲಿ, ಉಳಿದೆಲ್ಲ ಕಡೆ ಮೊಂಡಾಟ ಮಾಡುವ ಆಲೆ (ಹೋಗು) ಕೂಡ. ಫೇರ್ (ಮಾಡು), ವ್ವಾರ್ (ನೋಡು), ಪ್ರಾಂದ್ರ್ (ತೆಗೆದುಕೊ) ‘ಇ’ ಹಾದಿಯಲ್ಲಿ: ಫಿಸ್, ವಿಸ್, ಪ್ರಿಸ್. ಎತ್ರ್ (ಇರು), ಆವ್ವಾರ್ (ಹೊಂದಿರು), ಪೂವ್ವಾರ್ (ಸಾಧ್ಯವಾಗು), ಸಾವ್ವಾರ್ (ತಿಳಿ) ತುಟಿ ದುಂಡಾಗಿಸುವ ‘ಯು’ ಹಾದಿಯಲ್ಲಿ: ಫ್ಯುಸ್, ಯುಸ್, ಪ್ಯುಸ್, ಸ್ಯುಸ್. ನಾಲ್ಕನೆಯ ಅನುನಾಸಿಕ ಹಾದಿ ವನೀರ್ (ಬರು), ತನೀರ್ (ಹಿಡಿ) ಮತ್ತು ಅವುಗಳಿಂದ ಹುಟ್ಟಿದ ಧಾತುಗಳಿಗಷ್ಟೇ ಮೀಸಲು: ವ್ಯಾಂಸ್, ತ್ಯಾಂಸ್.

ಎತ್ರ್, ಆವ್ವಾರ್, ಫೇರ್, ವನೀರ್ ಈ ನಾಲ್ಕನ್ನು ಆರೂ ರೂಪಗಳಲ್ಲಿ ಕೈಯಿಂದ ಬರೆಯಿರಿ. ಕೈ ಬರೆದದ್ದನ್ನು ಕಣ್ಣು ಬೇಗ ಗುರುತಿಸುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಅನುವಾದಕ, ಧಾರವಾಡ

ಮೇಡಂ ಹೇಳಿದ ಸೂತ್ರ ಚಿನ್ನದಂಥದ್ದು. ಆದರೆ ಆರೂ ರೂಪಗಳನ್ನು ಬರೆಯುವ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಪ್ರಶ್ನೆ ಕೇಳಿದವರು ಫ್ರೆಂಚಿನಲ್ಲಿ ಚರಿತ್ರೆ ಬರೆಯಲು ಹೊರಟಿಲ್ಲ, ಓದಲು ಹೊರಟಿದ್ದಾರೆ. ಹಳಗನ್ನಡ ಓದುವವರು ‘ಬಂದಪಂ’ ಕಂಡರೆ ‘ಬರುತ್ತಾನೆ’ ಎಂದು ತಿಳಿಯುತ್ತಾರೆ. ಆ ರೂಪದಲ್ಲಿ ಪತ್ರ ಬರೆಯುವ ಅಭ್ಯಾಸ ಯಾರಿಗೂ ಬೇಕಾಗುವುದಿಲ್ಲ. ಇದೂ ಹಾಗೆಯೇ. ಚರಿತ್ರೆಯ ಗ್ರಂಥಗಳಲ್ಲಿ ಎದುರಾಗುವುದು ಬಹುಪಾಲು ‘ಅವನು’ ಮತ್ತು ‘ಅವರು’. ನಿಮ್ಮ ಶಕ್ತಿಯನ್ನೆಲ್ಲ ಆ ಎರಡು ರೂಪಗಳಿಗೆ ಸುರಿಯಿರಿ.

ಒಂದು ವಾಕ್ಯ ನೋಡಿ. ಉದಾಹರಣೆಗಾಗಿ ನಾನೇ ಮಾಡಿದ್ದು: ‘ಇಲ್ ಒರ್ದೊನಾ ಕೋಂ ಫೆರ್ಮಾ ಲೇ ಪೋರ್ತ್’, ಅಂದರೆ ‘ಬಾಗಿಲುಗಳನ್ನು ಮುಚ್ಚುವಂತೆ ಅವನು ಅಪ್ಪಣೆ ಮಾಡಿದ’. ಒರ್ದೊನಾ, ಫೆರ್ಮಾ ಎರಡೂ ಕಿವಿಗೆ ಒಂದೇ ತರಹ ಮುಗಿಯುತ್ತವೆ. ಆದರೆ ಪುಟದ ಮೇಲೆ ಮೊದಲನೆಯದು ಬರೀ ‘ಎ’ ಅಕ್ಷರದಲ್ಲಿ ಮುಗಿದರೆ, ಎರಡನೆಯದರ ಎ ಮೇಲೆ ಟೊಪ್ಪಿ ಇದೆ, ಪಕ್ಕದಲ್ಲಿ ಟಿ ಇದೆ. ಅಪ್ಪಣೆ ಮಾಡಿದ್ದು ನಡೆದ ಘಟನೆ. ಬಾಗಿಲು ಮುಚ್ಚಿದರೋ ಇಲ್ಲವೋ ಎಂಬುದನ್ನು ವಾಕ್ಯ ಹೇಳುತ್ತಿಲ್ಲ. ಚರಿತ್ರೆ ಬರೆಯುವವರಿಗೆ ಈ ವ್ಯತ್ಯಾಸ ಪ್ರಾಣದಷ್ಟು ಮುಖ್ಯ. ಟೊಪ್ಪಿಯನ್ನು ಕಡೆಗಣಿಸಿದರೆ ಬರೀ ಆಜ್ಞೆ ನಿಮ್ಮ ಟಿಪ್ಪಣಿಯಲ್ಲಿ ನಡೆದುಹೋದ ಸಂಗತಿಯಾಗಿ ಕೂತುಬಿಡುತ್ತದೆ.

ಎತ್ರ್ ಧಾತುವಿನ ‘ಫ್ಯು’ ವಿಷಯದಲ್ಲೂ ಇದೇ ಎಚ್ಚರ ಬೇಕು. ಟೊಪ್ಪಿ ಇಲ್ಲದ್ದು ‘ಇದ್ದ, ಆದ’ ಎಂಬ ನೇರ ಭೂತಕಾಲ. ಟೊಪ್ಪಿ ಇದ್ದರೆ ಸಬ್ಜಂಕ್ಟಿವ್. ‘ಕ್ವಾಕಿಲ್ ಫ್ಯು ಮಲಾದ್, ಇಲ್ ಪಾರ್ತಿ’ ಎಂದರೆ ‘ಕಾಯಿಲೆಯಾಗಿದ್ದರೂ ಹೊರಟ’. ಕ್ವಾಕ್ (ಆದರೂ), ಅವಾಂ ಕ (ಮೊದಲು), ಆಫ್ಯಾಂ ಕ (ಆಗಲೆಂದು), ಸಾಂ ಕ (ಆಗದಂತೆ), ದ ಪ್ಯೋರ್ ಕ (ಆದೀತೆಂಬ ಭಯದಿಂದ) ಇವುಗಳನ್ನು ಕಂಡ ಕೂಡಲೇ ಮುಂದಿನ ಕ್ರಿಯಾಪದದ ಮೇಲೆ ಕಣ್ಣಿಡಿ.

ಹಳೆಯ ಚರಿತ್ರಕಾರರಿಗೆ ಪ್ರಿಯವಾದ ಇನ್ನೊಂದು ಪ್ರಯೋಗವಿದೆ: ‘ಸಿಲ್ ಯು ವೂಲ್ಯು, ಇಲ್ ಯು ಪ್ರಿ ಲಾ ವಿಲ್’. ಎರಡೂ ‘ಯು’ಗಳಿಗೆ ಟೊಪ್ಪಿ ಇದೆ. ‘ಮನಸ್ಸು ಮಾಡಿದ್ದರೆ ಅವನು ಪಟ್ಟಣವನ್ನು ವಶಪಡಿಸಿಕೊಂಡಿರುತ್ತಿದ್ದ’ ಎಂದು ಅರ್ಥ, ಅಂದರೆ ವಶಪಡಿಸಿಕೊಳ್ಳಲಿಲ್ಲ. ಇದು ಇಂಪರ್ಫೆಕ್ಟ್ ಅಲ್ಲ, ಅದರ ಸಹಾಯದಿಂದ ಕಟ್ಟಿದ ಪ್ಲೂಪರ್ಫೆಕ್ಟ್ ಸಬ್ಜಂಕ್ಟಿವ್. ‘ಹೀಗಾಗುತ್ತಿತ್ತು’ ಎಂದು ಹೇಳುವ ಕಂಡಿಷನಲ್‌ನ ಜಾಗದಲ್ಲಿ ಬಂದಿದೆ. ಇದನ್ನು ಈಗಲೇ ಗುರುತು ಮಾಡಿಟ್ಟುಕೊಳ್ಳಿ.

ಕನ್ನಡಿಗ, ಲಿಯೋಂ, ಫ್ರಾನ್ಸ್

ಇಲ್ಲಿ ಆಡುಮಾತಿನಲ್ಲಿ ಈ ರೂಪ ಕಿವಿಗೆ ಬೀಳುವುದೇ ಇಲ್ಲ. ನನ್ನ ಮಗಳು ಶಾಲೆಯಲ್ಲಿ ಓದಿ ಅರ್ಥಮಾಡಿಕೊಳ್ಳುತ್ತಾಳೆ, ಮಾತನಾಡುವಾಗ ಎಲ್ಲರಂತೆ ವರ್ತಮಾನದ ಸಬ್ಜಂಕ್ಟಿವ್ ಬಳಸುತ್ತಾಳೆ. ಸರಕಾರವೂ ಇದಕ್ಕೆ ಒಪ್ಪಿಗೆ ಕೊಟ್ಟಿದೆ. 1901ರ ಫೆಬ್ರವರಿ 26ರ ಆದೇಶ, ಪ್ರಧಾನ ವಾಕ್ಯ ಕಂಡಿಷನಲ್‌ನಲ್ಲಿದ್ದಾಗ ಇಂಪರ್ಫೆಕ್ಟ್ ಬದಲು ವರ್ತಮಾನ ಬರೆದರೆ ಪರೀಕ್ಷೆಯಲ್ಲಿ ತಪ್ಪೆಂದು ಎಣಿಸಬಾರದು ಎಂದಿತು. 1976ರ ಆದೇಶ ಆ ಸಡಿಲಿಕೆಯನ್ನು ಭೂತಕಾಲದ ಪ್ರಧಾನ ವಾಕ್ಯಕ್ಕೂ ವಿಸ್ತರಿಸಿತು. ಹಾಗಾಗಿ ನಿಮ್ಮ ತರಗತಿಯಲ್ಲಿ ಹೇಳಿಕೊಡದಿದ್ದುದಕ್ಕೆ ಶಿಕ್ಷಕರನ್ನು ದೂರುವಂತಿಲ್ಲ.

ಜೀವಂತವಾಗಿ ಉಳಿದವು ಕೆಲವು ಹೆಪ್ಪುಗಟ್ಟಿದ ಪದಗುಚ್ಛಗಳು. ‘ನ ಫ್ಯುಸ್ ಕ’ ಎಂದರೆ ‘ಕನಿಷ್ಠ ಇಷ್ಟಾದರೂ’. ಅದರ ‘ಫ್ಯುಸ್’ ಮೇಡಂ ಹೇಳಿದ ಉತ್ತಮ ಪುರುಷದ ಫ್ಯುಸ್ ಅಲ್ಲ, ಟೊಪ್ಪಿ ಇರುವ ಫ್ಯು ಜೊತೆಗೆ ‘ಅದು’ ಎಂಬ ಸರ್ವನಾಮ ಸೇರಿದ್ದು. ‘ಪ್ಲ್ಯು ತಾ ದಿಯೋ’ ಎಂದರೆ ‘ದೇವರು ಹಾಗೆ ನಡೆಸಲಿ’. ಇಲ್ಲಿನ ಪ್ಲ್ಯು ‘ಮೆಚ್ಚಿಗೆಯಾಗು’ ಧಾತುವಿನದು. ‘ಮಳೆ ಬರು’ ಧಾತುವಿಗೂ ರೂಪ ಅದೇ, ಆದ್ದರಿಂದ ಸಂದರ್ಭ ನೋಡಿಯೇ ಅರ್ಥ ಮಾಡಬೇಕು.

ಹಳೆಯ ದಾಖಲೆಗಳನ್ನು ಓದುವವರು, ಬೆಂಗಳೂರು

ಸರ್, ಮೇಡಂ ಇಬ್ಬರೂ ಈಗಿನ ಕಾಗುಣಿತದಲ್ಲಿ ಹೇಳಿದ್ದಾರೆ. 1783ರ ಪುಸ್ತಕದಲ್ಲಿ ಬೇರೆ ತೊಡಕುಗಳಿವೆ.

ಆ ಕಾಲದ ಅಚ್ಚಿನಲ್ಲಿ ಪದದ ಆರಂಭ ಮತ್ತು ನಡುವಿನ ಎಸ್ ಉದ್ದನೆಯದು, ನೋಡಲು ಎಫ್‌ನಂತೆಯೇ ಇರುತ್ತದೆ. ಎಫ್‌ಗೆ ಅಡ್ಡಗೆರೆ ಎರಡೂ ಕಡೆ ಚಾಚಿರುತ್ತದೆ. ಉದ್ದ ಎಸ್‌ಗೆ ಎಡಗಡೆ ಸಣ್ಣ ಮೊಳಕೆ ಇದ್ದರೆ ಇದ್ದೀತು, ಬಲಗಡೆ ಇರುವುದಿಲ್ಲ. ಈ ಜೋಡಿ ಎಸ್ ತಾನೇ ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ನ ಗುರುತು! ಸ್ಕ್ಯಾನ್ ಮಾಡಿದ ಪ್ರತಿಯಿಂದ ಯಂತ್ರ ತೆಗೆದ ಪಠ್ಯದಲ್ಲಿ ಅವು ಎಷ್ಟೋ ಸಲ ಜೋಡಿ ಎಫ್ ಆಗಿರುತ್ತವೆ, ಪದ ಹುಡುಕಿದರೆ ಸಿಗುವುದಿಲ್ಲ. ಅನುಮಾನ ಬಂದಲ್ಲೆಲ್ಲ ಪುಟದ ಚಿತ್ರವನ್ನೇ ದೊಡ್ಡದು ಮಾಡಿ ನೋಡಿ.

ಎತೆ, ಆವೆ (ಇದ್ದ, ಹೊಂದಿದ್ದ) ಮುಂತಾದವುಗಳ ಕೊನೆಯಲ್ಲಿ ಈಗ ಎ-ಐ-ಟಿ ಇರುವ ಕಡೆ ಆಗ ಒ-ಐ-ಟಿ ಇತ್ತು. ಫ್ರೆಂಚ್ ಅಕಾಡೆಮಿಯ ನಿಘಂಟು ಅದನ್ನು ಬದಲಿಸಿದ್ದು 1835ರ ಆವೃತ್ತಿಯಲ್ಲಿ. ಅದು ಸಾಮಾನ್ಯ ಇಂಪರ್ಫೆಕ್ಟ್, ಸಬ್ಜಂಕ್ಟಿವ್ ಅಲ್ಲ, ಬೆರೆಸಿಕೊಳ್ಳಬೇಡಿ. ಟೊಪ್ಪಿಗೂ ಚರಿತ್ರೆ ಇದೆ. ಲ್ಯಾಟಿನ್ನಿನ ಪ್ಲೂಪರ್ಫೆಕ್ಟ್ ಸಬ್ಜಂಕ್ಟಿವ್‌ನಿಂದ ಇಳಿದುಬಂದ ಈ ರೂಪದಲ್ಲಿ ಟಿ ಹಿಂದೆ ಒಂದು ಎಸ್ ಇತ್ತು. ಉಚ್ಚಾರ ನಿಂತ ಮೇಲೂ ಬರವಣಿಗೆಯಲ್ಲಿ ಉಳಿದಿತ್ತು. ಅಕಾಡೆಮಿಯ 1740ರ ಆವೃತ್ತಿ ಇಂಥ ಎಸ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕಿತ್ತು ಟೊಪ್ಪಿ ಇಟ್ಟಿತು. ಅದಕ್ಕೂ ಹಿಂದಿನ ಪುಸ್ತಕ ಕೈಗೆ ಬಂದರೆ ಟೊಪ್ಪಿಯ ಬದಲು ಎಸ್ ಹುಡುಕಿ.

ಕೈಬರಹದ ಪತ್ರಗಳಲ್ಲಿ ಟೊಪ್ಪಿ ಬಿಟ್ಟುಹೋಗಿರುವುದು ಸಾಮಾನ್ಯ. ಅಲ್ಲಿ ನಿರ್ಧರಿಸಬೇಕಾದದ್ದು ಅನುವಾದಕರು ಪಟ್ಟಿ ಮಾಡಿದ ಕ್ವಾಕ್, ಆಫ್ಯಾಂ ಕ ಮುಂತಾದವುಗಳಿಂದಲೇ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋದಾಗಿನ ಕಾಗದಪತ್ರಗಳತ್ತ ನೀವು ಮುಂದೆ ಹೋಗುವುದಾದರೆ ಈ ಅಭ್ಯಾಸ ಬೇಕೇ ಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ನಮಸ್ಕಾರ. ‘ಅವನು’, ‘ಅವರು’ ರೂಪಗಳಿಂದ ಶುರು ಮಾಡುತ್ತೇನೆ, ಮೇಡಂ ಹೇಳಿದ ನಾಲ್ಕು ಧಾತುಗಳನ್ನು ಮಾತ್ರ ಪೂರ್ತಿ ಬರೆಯುತ್ತೇನೆ. ಎರಡು ಸಂದೇಹಗಳು: ಫಿನೀರ್ (ಮುಗಿಸು) ಕೋಷ್ಟಕದಲ್ಲಿ ವರ್ತಮಾನ, ಇಂಪರ್ಫೆಕ್ಟ್ ಎರಡೂ ಸಬ್ಜಂಕ್ಟಿವ್‌ಗಳು ಒಂದೇ ಥರ ಕಾಣುತ್ತವೆ. ಎಕ್ಸ್‌ಟ್ರೇರ್ (ಹೊರತೆಗೆ) ಧಾತುವಿಗೆ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಸಾಲು ಖಾಲಿಯೇ ಇದೆ. ಅಚ್ಚಿನ ದೋಷವೆ?

ಫ್ರೆಂಚ್ ಬೋಧಕಿ, ಬೆಂಗಳೂರು

ಎರಡೂ ದೋಷವಲ್ಲ. ಫಿನೀರ್ ಗುಂಪಿನಲ್ಲಿ ಐದು ರೂಪಗಳು ಎರಡಕ್ಕೂ ಸಮಾನ. ಬೇರೆಯಾಗುವುದು ‘ಅವನು’ ರೂಪ ಮಾತ್ರ: ವರ್ತಮಾನಕ್ಕೆ ಫಿನಿಸ್, ಇಂಪರ್ಫೆಕ್ಟ್‌ಗೆ ಟೊಪ್ಪಿಯ ಫಿನಿ. ಉಳಿದ ಕಡೆ ಪ್ರಧಾನ ಕ್ರಿಯಾಪದದ ಕಾಲ ನೋಡಿ ತಿಳಿಯಬೇಕು. ಟ್ರೇರ್ (ಹಾಲು ಕರೆ) ಮತ್ತು ಅದರಿಂದಾದ ಎಕ್ಸ್‌ಟ್ರೇರ್‌ಗೆ ಬಳಕೆಯಲ್ಲಿ ಪಾಸೆ ಸಾಂಪ್ಲ್ ಇಲ್ಲ, ಬುಡವೇ ಇಲ್ಲದ್ದರಿಂದ ಇದೂ ಇಲ್ಲ. ಆಯಿರ್ (ದ್ವೇಷಿಸು) ಧಾತುವಿನಲ್ಲಿ ಇನ್ನೊಂದು ವಿಶೇಷ ಕಾಣುತ್ತೀರಿ: ಅದರ ಐ ಅಕ್ಷರದ ಮೇಲೆ ಆಗಲೇ ಎರಡು ಚುಕ್ಕೆಗಳಿವೆ, ಅದಕ್ಕೆ ಟೊಪ್ಪಿ ಇಡುವುದಿಲ್ಲ. ಅಲ್ಲಿ ‘ಅವನು’ ರೂಪ ಪಾಸೆ ಸಾಂಪ್ಲ್‌ನಲ್ಲೂ ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ನಲ್ಲೂ ಅಕ್ಷರಶಃ ಒಂದೇ.