ಏಳನೇ ಮನೆಗೆ ಶನಿ ದೃಷ್ಟಿ ಇದ್ದರೆ ಮದುವೆಯೇ ಆಗೋದಿಲ್ವಾ? ಜೋಯಿಸರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಜೋಯಿಸರೇ. ನಾವು ಶಿವಮೊಗ್ಗದವರು. ನನ್ನ ತಮ್ಮನ ಜಾತಕದ ವಿಷಯ ಕೇಳಬೇಕಿತ್ತು. ಹುಟ್ಟಿದ್ದು 1989ರ ನವೆಂಬರ್ 15ರ ರಾತ್ರಿ. ಸಿಂಹ ಲಗ್ನ, ಮಿಥುನ ರಾಶಿ, ಮೃಗಶಿರಾ ನಕ್ಷತ್ರ. ಧನುಸ್ಸಿನಲ್ಲಿ ಶನಿ, ಶುಕ್ರ. ಮಿಥುನದಲ್ಲಿ ಗುರು, ಚಂದ್ರ. ತುಲಾದಲ್ಲಿ ಕುಜ. ಮಕರದಲ್ಲಿ ರಾಹು. 2019ರಲ್ಲಿ ಒಂದು ಸಂಬಂಧ ನಿಶ್ಚಯದವರೆಗೂ ಬಂದಿತ್ತು. ಹುಡುಗಿಯ ಕಡೆಯವರು ಯಾರಿಗೋ ತೋರಿಸಿದರು, ಅವರು ಏಳನೇ ಮನೆಗೆ ಶನಿ ದೃಷ್ಟಿ ಇದೆ, ಈ ಹುಡುಗನಿಗೆ ಸಂಸಾರ ಯೋಗವೇ ಇಲ್ಲ ಅಂದರಂತೆ. ಅಲ್ಲಿಗೆ ನಿಂತುಹೋಯಿತು. ಆಮೇಲೆ ನಾವು ಬೇರೆಯವರ ಹತ್ತಿರ ಹೋದರೆ ಗುರು ದೃಷ್ಟಿಯೂ ಇದೆ, ಏನೂ ಚಿಂತೆ ಇಲ್ಲ ಅಂದರು. ಮೊಬೈಲಿನ ಒಂದು ಆ್ಯಪ್ ಎರಡು ದೃಷ್ಟಿಯನ್ನೂ ತೋರಿಸುತ್ತದೆ, ಇನ್ನೊಂದು ಆ್ಯಪ್ ಏಳನೇ ಮನೆಗೆ ಶನಿ ದೃಷ್ಟಿಯೇ ಇಲ್ಲ ಅನ್ನುತ್ತದೆ. ಯಾರನ್ನು ನಂಬೋದು? ಅವನಿಗೀಗ 36. ಅಮ್ಮ ರಾತ್ರಿ ನಿದ್ದೆ ಮಾಡಲ್ಲ.

ಉತ್ತರ: ನಮಸ್ಕಾರ ತಂಗಿ. ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ದೃಷ್ಟಿ ಒಂದನ್ನೇ ಇಟ್ಟುಕೊಂಡು ಸಂಸಾರ ಯೋಗ ಇಲ್ಲ ಅಂತ ತೀರ್ಪು ಕೊಡುವುದು ಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಹಾಗೆ ಹೇಳಿದವರು ಅರ್ಧ ಲೆಕ್ಕ ಮಾಡಿ ಎದ್ದುಹೋಗಿದ್ದಾರೆ.

ಕುಂಡಲಿ ಮುಂದೆ ಇಟ್ಟುಕೊಳ್ಳಿ, ನಾವೇ ಎಣಿಸೋಣ. ಲಗ್ನ ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ, ಅದೇ ಒಂದನೇ ಮನೆ, ಅಲ್ಲಿಂದ ಏಳನೆಯದು ಮದುವೆಯ ಮನೆ. ದೃಷ್ಟಿ ಅಂದರೆ ಗ್ರಹ ಕೂತಲ್ಲಿಂದ ಬೇರೆ ಮನೆಗಳ ಮೇಲೆ ಬೀರುವ ಪ್ರಭಾವ. ನಮ್ಮ ಕಡೆಯ ಚೌಕದ ಕುಂಡಲಿಯಲ್ಲಿ ಎಡಗಡೆ ಕೆಳಗಿನ ಮೂಲೆ ಧನುಸ್ಸು. ಅಲ್ಲಿ 'ಶ' ಅಂತ ಬರೆದಿದೆ ಅಲ್ವಾ, ಅದರ ಮೇಲೆ ಬೆರಳಿಡಿ. ಅದೇ ಒಂದು. ಅದರ ಮೇಲಿನ ಮನೆ ಮಕರ, ಎರಡು. ಅದರ ಮೇಲೆ ಕುಂಭ, ಮೂರು. ಗ್ರಹ ಕೂತ ಮನೆಯನ್ನೂ ಸೇರಿಸಿ ಎಣಿಸಬೇಕು. ತುಂಬಾ ಜನ ಪಕ್ಕದ ಮನೆಯಿಂದ ಶುರು ಮಾಡಿ ಶನಿಯ ಮೂರನೇ ದೃಷ್ಟಿಯನ್ನು ಮೀನಕ್ಕೆ ಹಾಕಿಬಿಡುತ್ತಾರೆ. ಎಲ್ಲ ಗ್ರಹಗಳಿಗೂ ತಾವು ಕೂತಲ್ಲಿಂದ ಏಳನೇ ಮನೆಗೆ ಪೂರ್ಣ ದೃಷ್ಟಿ ಇದೆ. ಅದರ ಜೊತೆಗೆ ಶನಿಗೆ 3 ಮತ್ತು 10, ಗುರುವಿಗೆ 5 ಮತ್ತು 9, ಕುಜನಿಗೆ 4 ಮತ್ತು 8. ಹಾಗಾಗಿ ಧನುಸ್ಸಿನ ಶನಿ ನೋಡುವುದು ಕುಂಭ, ಮಿಥುನ, ಕನ್ಯಾ. ಬಲಗಡೆ ಮೇಲಿನ ಮೂಲೆಯ ಮಿಥುನದಿಂದ ಗುರು ನೋಡುವುದು ತುಲಾ, ಧನುಸ್ಸು, ಕುಂಭ. ಸಿಂಹ ಲಗ್ನಕ್ಕೆ ಏಳನೇ ಮನೆ ಕುಂಭ. ಅಂದರೆ ಎರಡೂ ದೃಷ್ಟಿ ಇರುವುದು ನಿಜ.

ಈಗ ಮುಖ್ಯವಾದದ್ದು. ಶನಿ ನೋಡುತ್ತಾನೆ ಸರಿ, ಆದರೆ ಈ ಜಾತಕದಲ್ಲಿ ಶನಿ ಯಾರು? ಕುಂಭ ಯಾರ ಮನೆ? ಶನಿಯದ್ದೇ! ಸಿಂಹ ಲಗ್ನಕ್ಕೆ ಶನಿ ಏಳನೇ ಮನೆಯ ಅಧಿಪತಿ. ಐದರಲ್ಲಿ ಕೂತು ತನ್ನ ಮನೆಯನ್ನೇ ತಾನು ನೋಡಿಕೊಳ್ಳುತ್ತಿದ್ದಾನೆ. ಬೆಂಗಳೂರಲ್ಲಿ ಕೆಲಸಕ್ಕಿರುವ ಮಗ ಊರಿನ ಮನೆ ಮೇಲೆ ಒಂದು ಕಣ್ಣು ಇಟ್ಟಿರುತ್ತಾನಲ್ಲ, ಹಾಗೆ. ಅಧಿಪತಿಯ ದೃಷ್ಟಿ ಬಿದ್ದ ಭಾವ, ಅಂದರೆ ಮನೆ, ಬಲವಾಗುತ್ತದೆ, ಇದು ಜಾತಕ ನೋಡುವವರೆಲ್ಲ ಮೊದಲ ವರ್ಷ ಕಲಿಯುವ ಪಾಠ. ಅಧಿಪತಿ ಪಾಪಗ್ರಹವಾದರೂ ತನ್ನ ಮನೆಯನ್ನು ತಾನು ಕೆಡಿಸುವುದಿಲ್ಲ. 2019ರಲ್ಲಿ ನಿಮಗೆ ಯಾರಾದರೂ ಇದೊಂದು ಮಾತು ಹೇಳಿದ್ದರೆ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಂತ ಗುರು ದೃಷ್ಟಿ ಇದೆ, ಏನೂ ಚಿಂತೆ ಇಲ್ಲ ಅಂದವರದ್ದೂ ಪೂರ್ತಿ ಸರಿಯಲ್ಲ. ಸಿಂಹಕ್ಕೆ ಗುರು ಐದನೇ ಮನೆಗೂ ಅಧಿಪತಿ, ಎಂಟನೇ ಮನೆಗೂ ಅಧಿಪತಿ. ಅಂದರೆ ಅವನು ಕೊಡುವ ಒಳ್ಳೆಯದರ ಜೊತೆ ಎಂಟರ ಗುಣವೂ ಸ್ವಲ್ಪ ಬರುತ್ತದೆ, ಕೈಗೆ ಬಂದದ್ದು ಕೊನೆ ಗಳಿಗೆಯಲ್ಲಿ ತಡೆಯುವುದು. ಆದರೆ ಶನಿ ಕೂತಿರುವುದು ಗುರುವಿನ ಮನೆಯಲ್ಲಿ, ಆ ಮನೆ ಯಜಮಾನನೇ ಎದುರಿಂದ ಬಾಡಿಗೆಯವನನ್ನು ನೇರವಾಗಿ ನೋಡುತ್ತಿದ್ದಾನೆ. ಆ ವಾರ ಇಬ್ಬರೂ ಹೆಚ್ಚು ಕಮ್ಮಿ 16 ಡಿಗ್ರಿಯಲ್ಲೇ ಇದ್ದರು, ಹಾಗಾಗಿ ದೃಷ್ಟಿ ತುಂಬಾ ಗಟ್ಟಿ. ಗುರು ವಕ್ರಿ ಬೇರೆ, ಅಂದರೆ ಹಿಂದಕ್ಕೆ ಚಲಿಸುವಂತೆ ಕಾಣುತ್ತಿದ್ದ, ವಕ್ರಿಗೆ ಚೇಷ್ಟಾಬಲ (ಚಲನೆಯಿಂದ ಬರುವ ಬಲ) ಜಾಸ್ತಿ. ಶನಿಯ ಜೊತೆಯಲ್ಲಿರುವ ಶುಕ್ರನಿಗೂ ಆ ಗುರು ದೃಷ್ಟಿ ಸಿಗುತ್ತದೆ. ಗಂಡಿನ ಜಾತಕದಲ್ಲಿ ಶುಕ್ರ ಕಳತ್ರಕಾರಕ, ಅಂದರೆ ಹೆಂಡತಿಯನ್ನು ಸೂಚಿಸುವ ಗ್ರಹ, ಇದನ್ನು ಮರೆಯಬಾರದು.

ತಡ ಅಂತೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಶನಿ ನಿಧಾನದವನು. ಅದಕ್ಕಿಂತ ನನ್ನ ಕಣ್ಣಿಗೆ ಜಾಸ್ತಿ ಬೀಳುವುದು ಬೇರೆ ಎರಡು ಜಾಗ. ಶನಿಯ ಹತ್ತನೇ ದೃಷ್ಟಿ ಕನ್ಯಾಕ್ಕೆ ಬೀಳುತ್ತದೆ, ಅದು ಎರಡನೇ ಮನೆ, ಕುಟುಂಬ ಸ್ಥಾನ, ಮಾತಿನ ಸ್ಥಾನ. ಅಲ್ಲಿಗೆ ಗುರು ದೃಷ್ಟಿ ಇಲ್ಲ. ಇನ್ನೊಂದು, ಚಂದ್ರನನ್ನೂ ಶನಿ ನೇರ ನೋಡುತ್ತಾನೆ, ಮನಸ್ಸು ಬೇಗ ಹೂಂ ಅನ್ನುವುದಿಲ್ಲ, ಒಂದು ವಿಷಯ ಹಿಡಿದರೆ ಹತ್ತು ಸಲ ತಿರುವಿ ಹಾಕುವ ಸ್ವಭಾವ. ಗುರು ಪಕ್ಕದಲ್ಲಿದ್ದಾನೆ, ಅದರಿಂದ ಹುಡುಗ ಕುಗ್ಗುವುದಿಲ್ಲ.

ಇನ್ನು ಆ ಎರಡನೇ ಆ್ಯಪ್. ಅದಕ್ಕೆ ಹುಟ್ಟಿದ ಸಮಯ ಎಷ್ಟು ಕೊಟ್ಟಿದ್ದೀರಿ? ಎರಡೂ ಆ್ಯಪ್‌ಗೆ ಒಂದೇ ಸಮಯ ಕೊಟ್ಟಿದ್ದೀರಾ? ನೋಡಿ ಹೇಳಿ. ಕೆಲವು ಆ್ಯಪ್‌ಗಳು ಜೈಮಿನಿ ಪದ್ಧತಿಯ ರಾಶಿ ದೃಷ್ಟಿಯನ್ನೂ ಹಾಕುತ್ತವೆ. ಅದರಲ್ಲಿ ಗ್ರಹ ಅಲ್ಲ, ರಾಶಿಯೇ ರಾಶಿಯನ್ನು ನೋಡುತ್ತದೆ, ದ್ವಿಸ್ವಭಾವ ರಾಶಿಗಳು ತಮ್ಮತಮ್ಮಲ್ಲೇ ನೋಡುತ್ತವೆ. ಧನುಸ್ಸು ಮಿಥುನ, ಕನ್ಯಾ, ಮೀನಗಳನ್ನು ನೋಡುತ್ತದೆ, ಕುಂಭವನ್ನು ನೋಡುವುದಿಲ್ಲ. ಎರಡು ಪದ್ಧತಿಯನ್ನು ಬೆರೆಸಿ ಓದಿದರೆ ತಲೆ ಕೆಡುತ್ತದೆ.

ಪ್ರಶ್ನೆ (ಇನ್ನೊಬ್ಬರು): ಸರ್, ಡಿಗ್ರಿ ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀರಾ? ನಾನು ಕಲಿಯುತ್ತಿದ್ದೇನೆ. ರಾಶಿ ಲೆಕ್ಕಕ್ಕೆ ಏಳನೇ ದೃಷ್ಟಿ ಇದ್ದರೆ ಪೂರ್ಣ ಅಂತಲೇ ಅಲ್ವಾ?

ಉತ್ತರ: ರಾಶಿ ಲೆಕ್ಕ ಮೊದಲ ಮೆಟ್ಟಿಲು. ಬಲ ಅಳೆಯುವಾಗ ಸ್ಫುಟ ದೃಷ್ಟಿ, ಅಂದರೆ ಡಿಗ್ರಿ ಲೆಕ್ಕದ ದೃಷ್ಟಿ ನೋಡಬೇಕು. ಪೂರ್ಣ ದೃಷ್ಟಿಗೆ 60 ಅಂಕ. ನೋಡುವ ಗ್ರಹದಿಂದ ನೋಡಿಸಿಕೊಳ್ಳುವ ಗ್ರಹದವರೆಗೆ ಎಷ್ಟು ಡಿಗ್ರಿ ಅಂತ ಎಣಿಸುತ್ತೀರಿ. 150 ಡಿಗ್ರಿಯಲ್ಲಿ ಸೊನ್ನೆ, 180ರಲ್ಲಿ 60, ನಡುವೆ ಡಿಗ್ರಿಗೆ ಎರಡರಂತೆ ಏರುತ್ತದೆ. 180 ದಾಟಿದ ಮೇಲೆ ಡಿಗ್ರಿಗೆ ಅರ್ಧದಂತೆ ಇಳಿಯುತ್ತಾ ಹೋಗಿ 300ಕ್ಕೆ ಸೊನ್ನೆ.

ಈಗ ರವಿ ಮೇಷದ 28ರಲ್ಲಿ, ಚಂದ್ರ ತುಲಾದ 2ರಲ್ಲಿ ಅಂತ ಇಟ್ಟುಕೊಳ್ಳಿ. ರಾಶಿ ಲೆಕ್ಕಕ್ಕೆ ಏಳನೇ ಪೂರ್ಣ ದೃಷ್ಟಿ. ಡಿಗ್ರಿ ಎಣಿಸಿದರೆ ನಡುವೆ 154. ಅಂಕ ಬರೀ 8! ಅದೇ ರವಿ ಮೇಷದ 2ರಲ್ಲಿ, ಚಂದ್ರ ತುಲಾದ 28ರಲ್ಲಿ ಇದ್ದರೆ ಅಂತರ 206, ಅಂಕ 47. ಇನ್ನೂ ಒಂದು ನೋಡಿ. ರವಿ ಮೇಷದ 29, ಚಂದ್ರ ವೃಶ್ಚಿಕದ 1. ರಾಶಿ ಲೆಕ್ಕಕ್ಕೆ ಎಂಟನೇ ಮನೆ, ಪೂರ್ಣ ದೃಷ್ಟಿ ಇಲ್ಲ ಅಂತ ಬರೆದುಬಿಡುತ್ತೀರಿ. ಅಂತರ 182, ಅಂಕ 59. ಕಣ್ಣೆದುರೇ ಕೂತು ನೋಡಿದ ಹಾಗೆ. ಕುಜ, ಗುರು, ಶನಿಗಳ ವಿಶೇಷ ದೃಷ್ಟಿಗೆ ಇದರ ಮೇಲೆ ಬೇರೆ ಅಂಕ ಕೂಡಿಸಬೇಕು. ಷಡ್ಬಲದಲ್ಲಿ (ಗ್ರಹದ ಆರು ಬಗೆಯ ಬಲದ ಲೆಕ್ಕ) ದೃಗ್ಬಲ, ಅಂದರೆ ದೃಷ್ಟಿಯ ಬಲ, ಅಂತ ಬರುವುದು ಈ ಲೆಕ್ಕದಿಂದಲೇ. ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರು ಗ್ರಹಬಲ, ಭಾವಬಲಗಳ ಮೇಲೆ ಒಂದು ಇಂಗ್ಲಿಷ್ ಪುಸ್ತಕವನ್ನೇ ಬರೆದಿದ್ದಾರೆ. ಪೆನ್ನು ಹಿಡಿದು ಹತ್ತು ಜಾತಕಕ್ಕಾದರೂ ಕೈಯಲ್ಲೇ ಲೆಕ್ಕ ಮಾಡಿ. ಸಾಫ್ಟ್‌ವೇರ್ ಕೊಟ್ಟ ಅಂಕ ನೋಡಿ ಕಲಿತವರಿಗೆ ಯಾವ ಗ್ರಹ ಯಾಕೆ ಸೋತಿತು ಅಂತ ಕೊನೆವರೆಗೂ ಗೊತ್ತಾಗಲ್ಲ.

ಪ್ರಶ್ನೆ (ಮತ್ತೊಬ್ಬರು): ಗುರುಗಳೇ, ನನ್ನ ಮಗಳಿಗೆ ವೃಷಭ ಲಗ್ನ, 12ರಲ್ಲಿ ಕುಜ. ಏಳನೇ ಮನೆ ಖಾಲಿ. ಆದರೂ ಕುಜ ದೋಷ ಅಂತಾರೆ. 12ರಲ್ಲಿರುವ ಕುಜನಿಗೂ ಮದುವೆಗೂ ಏನು ಸಂಬಂಧ? ರಾಹು ಕೇತುಗಳ ದೃಷ್ಟಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾ?

ಉತ್ತರ: ಸಂಬಂಧ ದೃಷ್ಟಿಯದ್ದೇ. ಕುಜ 1ರಲ್ಲಿದ್ದರೆ ಏಳನೇ ದೃಷ್ಟಿಯಿಂದ, 4ರಲ್ಲಿದ್ದರೆ ನಾಲ್ಕನೇ ದೃಷ್ಟಿಯಿಂದ, 12ರಲ್ಲಿದ್ದರೆ ಎಂಟನೇ ದೃಷ್ಟಿಯಿಂದ ಏಳನೇ ಮನೆಯನ್ನು ನೋಡುತ್ತಾನೆ. ದೋಷದ ಪಟ್ಟಿಯಲ್ಲಿ ಈ ಮನೆಗಳು ಬಂದದ್ದಕ್ಕೆ ಕಾರಣ ಅಲ್ಲೇ ಸಿಗುತ್ತದೆ. ಈಗ ನಿಮ್ಮ ಮಗಳದ್ದು ನೋಡಿ. ವೃಷಭಕ್ಕೆ 12 ಅಂದರೆ ಮೇಷ, ಕುಜನ ಸ್ವಂತ ಮನೆ. ಅಲ್ಲಿಂದ ಎಂಟು ಎಣಿಸಿದರೆ ವೃಶ್ಚಿಕ, ಅದೂ ಕುಜನದ್ದೇ, ಅದೇ ಏಳನೇ ಮನೆ. ಸ್ವಕ್ಷೇತ್ರದಲ್ಲಿ ಕೂತು ಸ್ವಂತ ಮನೆಯನ್ನು ನೋಡುವ ಸಪ್ತಮಾಧಿಪತಿ, ಅಂದರೆ ಏಳನೇ ಮನೆಯ ಅಧಿಪತಿ. ಮೇಲೆ ತಂಗಿಗೆ ಶನಿ ಬಗ್ಗೆ ಹೇಳಿದ್ದೇ ಇಲ್ಲಿಗೂ ಬಂತು. ಸ್ವಕ್ಷೇತ್ರದ ಕುಜನಿಗೆ ದೋಷ ಹೇಳದವರೇ ಜಾಸ್ತಿ, ನಾನೂ ಹೇಳುವುದಿಲ್ಲ. ಶಾಂತಿ ಮಾಡಿಸಿ ಅಂತ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಈ ಎಣಿಕೆಯನ್ನು ಅವರ ಮುಂದೆ ಇಡಿ.

ರಾಹು ಕೇತುಗಳಿಗೆ ಕೆಲವರು 5, 7, 9 ಹೇಳುತ್ತಾರೆ, ಕೆಲವರು ದೃಷ್ಟಿಯೇ ಇಲ್ಲ ಅನ್ನುತ್ತಾರೆ. ಅವು ಛಾಯಾಗ್ರಹ, ಬಿಂಬವೇ ಇಲ್ಲ, ನಾನು ಅವುಗಳ ದೃಷ್ಟಿ ಹಿಡಿಯುವುದಿಲ್ಲ. ಕೂತ ಮನೆಯ ಫಲ ಮಾತ್ರ ಹೇಳುತ್ತೇನೆ.

ಮೊದಲು ಕೇಳಿದವರು: ಜೋಯಿಸರೇ, ನೀವು ಹೇಳಿದ ಮೇಲೆ ಎರಡೂ ಆ್ಯಪ್ ತೆಗೆದು ನೋಡಿದೆ. ಒಂದಕ್ಕೆ 1 ಗಂಟೆ 15 ನಿಮಿಷ ಕೊಟ್ಟಿದ್ದೇನೆ, ಅದು ತಮ್ಮನ ಹಳೇ ಜಾತಕದ ಪುಸ್ತಕದಲ್ಲಿದ್ದದ್ದು. ಇನ್ನೊಂದಕ್ಕೆ ಅಮ್ಮ ಹೇಳಿದ ಹಾಗೆ ರಾತ್ರಿ 12 ಅಂತ ಹಾಕಿದ್ದೇನೆ. ಎರಡನೆಯದರಲ್ಲಿ ಲಗ್ನವೇ ಕರ್ಕಾಟಕ ಅಂತ ಬರುತ್ತಿದೆ! ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಇನ್ನೊಂದು ಅನುಮಾನ. ಗುರುಬಲ ಬೇರೆ, ಗುರು ದೃಷ್ಟಿ ಬೇರೆಯಾ?

ಉತ್ತರ: ಅಲ್ಲಿಗೆ ಗಂಟು ಬಿಚ್ಚಿತು. ಲಗ್ನ ಸುಮಾರು 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಆ ರಾತ್ರಿ ಶಿವಮೊಗ್ಗದಲ್ಲಿ 12 ಗಂಟೆಗೆ ಕರ್ಕಾಟಕದ ಕೊನೆ, 12.20ರ ಆಸುಪಾಸಿನಲ್ಲಿ ಸಿಂಹ ಶುರು, 1.15ಕ್ಕೆ ಸಿಂಹದ ನಡುಭಾಗಕ್ಕೆ ಹತ್ತಿರ. ಕರ್ಕಾಟಕವಾದರೆ ಏಳನೇ ಮನೆ ಮಕರ, ಅಲ್ಲಿ ರಾಹು, ಧನುಸ್ಸಿನ ಶನಿಯ ದೃಷ್ಟಿ ಅದಕ್ಕೆ ಬೀಳುವುದೇ ಇಲ್ಲ. ಗ್ರಹಗಳು ಕೂತ ರಾಶಿ ಎರಡರಲ್ಲೂ ಒಂದೇ, ಮನೆ ಮಾತ್ರ ಪೂರ್ತಿ ಬದಲಾಯಿತು. ನಾನು ಮೇಲೆ ಬರೆದದ್ದೆಲ್ಲ ಸಿಂಹ ಲಗ್ನ ಸರಿ ಅಂತ ಹಿಡಿದು ಬರೆದದ್ದು. ಜಾತಕದ ಪುಸ್ತಕಕ್ಕೆ ಸಮಯ ಎಲ್ಲಿಂದ ಬಂತು ಅಂತ ವಿಚಾರಿಸಿ. ಆಸ್ಪತ್ರೆಯ ಚೀಟಿ ಇದ್ದರೆ ಅದೇ ಗಟ್ಟಿ. ಆ್ಯಪ್‌ಗೆ 1.15 ಕೊಡುವಾಗ ತಾರೀಖು 16 ಆಗಬೇಕು. ನಮ್ಮ ಪಂಚಾಂಗದಲ್ಲಿ ಸೂರ್ಯೋದಯದವರೆಗೂ ಹಿಂದಿನ ದಿನವೇ ಆದ್ದರಿಂದ ಮನೆಯವರು 15ರ ರಾತ್ರಿ ಅನ್ನುತ್ತಾರೆ, ಅದನ್ನೇ ಹಾಕಿದರೆ ಚಂದ್ರ ಒಂದು ದಿನ ಹಿಂದೆ ಹೋಗುತ್ತಾನೆ.

ಗುರುಬಲ ಗೋಚಾರದ್ದು, ಅಂದರೆ ಗ್ರಹ ಈಗ ಆಕಾಶದಲ್ಲಿ ಇರುವ ರಾಶಿಯ ಲೆಕ್ಕ. ಜನ್ಮರಾಶಿಯಿಂದ 2, 5, 7, 9, 11ರಲ್ಲಿ ಗುರು ಬಂದಾಗ ಗುರುಬಲ. ದೃಷ್ಟಿ ಬೇರೆ ವಿಷಯ. ನಿಮ್ಮ ತಮ್ಮನಿಗೇ ನೋಡಿ. 2025ರ ಮೇಯಲ್ಲಿ ಗುರು ಮಿಥುನಕ್ಕೆ ಬಂದಾಗ ಅಲ್ಲಿಂದ ಕುಂಭವನ್ನು ನೋಡಿದ, ಆದರೆ ಜನ್ಮರಾಶಿಯಲ್ಲೇ ಇದ್ದದ್ದರಿಂದ ಗುರುಬಲ ಇರಲಿಲ್ಲ. 2026ರ ಜೂನ್‌ನಲ್ಲಿ ಕರ್ಕಾಟಕಕ್ಕೆ ಹೋಗುವಾಗ ಗುರುಬಲ ಬರುತ್ತದೆ, ಆದರೆ ಅಲ್ಲಿಂದ ನೋಡುವುದು ವೃಶ್ಚಿಕ, ಮಕರ, ಮೀನ. ಏಳನೇ ಮನೆಗೆ ದೃಷ್ಟಿ ಇಲ್ಲ. ಇದಕ್ಕೆಲ್ಲ ಮೇಲೆ ದಶೆ, ಅಂದರೆ ಆಯುಷ್ಯದಲ್ಲಿ ಒಂದೊಂದು ಗ್ರಹ ಸರದಿಯಂತೆ ಆಳುವ ಕಾಲ. ಅವನಿಗೆ ಗುರು ದಶೆ ಮುಗಿದು ಶನಿ ದಶೆ ನಡೆಯುತ್ತಿದೆ. ಸಿಂಹ ಲಗ್ನವೇ ನಿಂತರೆ ಅದು ಸಪ್ತಮಾಧಿಪತಿಯ ದಶೆ, ಶನಿ ದಶೆ ಅಂತ ಹೆದರಿ ಹೆಣ್ಣು ನೋಡುವುದನ್ನು ನಿಲ್ಲಿಸಬೇಡಿ.

ಮೊದಲು ಕೇಳಿದವರು: ಚೀಟಿ ಸಿಕ್ಕಿತು ಜೋಯಿಸರೇ! ಅಮ್ಮನ ಟ್ರಂಕಿನಲ್ಲಿ, ತಮ್ಮನ ಪೋಲಿಯೋ ಕಾರ್ಡಿನ ಜೊತೆ ಮಡಚಿ ಇಟ್ಟಿದ್ದರು. ಅಂಚು ಹರಿದಿದೆ, ಆದರೆ ನೀಲಿ ಶಾಯಿಯಲ್ಲಿ 1.15 ಅಂತ ಸ್ಪಷ್ಟವಾಗಿದೆ. 12 ಗಂಟೆ ಅಂದದ್ದು ಹೆರಿಗೆ ಕೋಣೆಗೆ ಕರೆದುಕೊಂಡು ಹೋದ ಸಮಯ ಅಂತ ಅಮ್ಮನಿಗೆ ಈಗ ನೆನಪಾಯಿತು.

ಉತ್ತರ: ಹಾಗಾದರೆ ಸಿಂಹ ಲಗ್ನವೇ. ಆ ಚೀಟಿಯ ಫೋಟೋ ತೆಗೆದು ಇಟ್ಟುಕೊಳ್ಳಿ, ಶಾಯಿ ಮಾಸುತ್ತದೆ. ಇನ್ನು ಮೇಲೆ ಹೆಣ್ಣಿನ ಮನೆಗೆ ಜಾತಕ ಕೊಡುವಾಗ ಬರೀ ರಾಶಿ ಕುಂಡಲಿ ಕೊಡಬೇಡಿ, ಗ್ರಹಸ್ಫುಟವನ್ನೂ (ಗ್ರಹಗಳ ಡಿಗ್ರಿ ಪಟ್ಟಿ) ಸೇರಿಸಿ ಕೊಡಿ. ಅವರ ಜೋಯಿಸರು ಶನಿ ದೃಷ್ಟಿ ಅಂದರೆ, ಕುಂಭ ಯಾರ ಮನೆ ಸ್ವಾಮಿ ಅಂತ ನೀವೇ ಕೇಳಿ. ಹೆಣ್ಣಿನ ಜಾತಕ ಬಂದಾಗ ಕಳಿಸಿ, ಎರಡನೇ ಮನೆ ಹೇಗಿದೆ ಅಂತ ಮೊದಲು ನೋಡೋಣ.