ವೈದ್ಯರನ್ನು ಕೇಳಿ: ಆಣೆ ಮಾಡಿದರೂ ಬಿಡದ ಅಶ್ಲೀಲ ವಿಡಿಯೋಗಳ ಚಟ

ಪ್ರಶ್ನೆ (ದಾವಣಗೆರೆಯ ಸದಸ್ಯರೊಬ್ಬರು, ಹೆಸರು ಬೇಡವೆಂದಿದ್ದಾರೆ): ಡಾಕ್ಟರಿಗೆ ನಮಸ್ಕಾರ. ನನಗೆ 27 ವರ್ಷ, ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಪಿಯುಸಿಯಲ್ಲಿ ಅಂಟಿಕೊಂಡ ಅಶ್ಲೀಲ ವಿಡಿಯೋ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಅಂಗಡಿ ಬಾಗಿಲು ಹಾಕಿ ರೂಮಿಗೆ ಬಂದರೆ ರಾತ್ರಿ ಒಂದು ಎರಡು ಗಂಟೆಯವರೆಗೂ ಮೊಬೈಲ್ ಕೈಯಲ್ಲೇ ಇರುತ್ತದೆ. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ, ಗಿರಾಕಿ ಎರಡೂವರೆ ಮೀಟರ್ ಕೇಳಿದ್ದ ಬಟ್ಟೆಯನ್ನು ಎರಡು ಮೀಟರಿಗೇ ಕತ್ತರಿಸಿ ಬೈಸಿಕೊಂಡಿದ್ದೇನೆ. ದುಗ್ಗಮ್ಮನ ಮುಂದೆ ಆಣೆ ಮಾಡಿದ್ದೂ ವಾರ ನಿಲ್ಲಲಿಲ್ಲ. ಈಗ ಮದುವೆ ಗೊತ್ತಾಗಿದೆ. ವೀರ್ಯನಷ್ಟದಿಂದ ನರದೌರ್ಬಲ್ಯ ಬರುತ್ತದೆಂದು ಗೆಳೆಯರು ಹೆದರಿಸುತ್ತಿದ್ದಾರೆ. ಇದು ರೋಗವೇ? ಮದುವೆ ಮುಂದೂಡಬೇಕೆ?

ಉತ್ತರ (ಮನೋವೈದ್ಯರು): ಮೊದಲು ಆ ಭಯವನ್ನು ತೆಗೆದುಹಾಕೋಣ. ವೀರ್ಯ ಹೋಗುವುದರಿಂದ ನರಗಳು ದುರ್ಬಲವಾಗುವುದಿಲ್ಲ. ದೇಹ ಅದನ್ನು ನಿರಂತರವಾಗಿ ಉತ್ಪಾದಿಸುತ್ತಲೇ ಇರುತ್ತದೆ. ಗೋಡೆಯ ಮೇಲಿನ ಜಾಹೀರಾತು ನಂಬಿ ಪುಡಿ, ಲೇಹ್ಯಗಳಿಗೆ ದುಡ್ಡು ಸುರಿಯಬೇಡಿ.

ಇನ್ನು ರೋಗವೇ ಎಂಬ ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ, ಲೈಂಗಿಕ ಪ್ರಚೋದನೆಯನ್ನು ಹಿಡಿತದಲ್ಲಿಟ್ಟುಕೊಳ್ಳಲಾಗದ ಸ್ಥಿತಿಯನ್ನು ಒಂದು ಮಾನಸಿಕ ತೊಂದರೆಯಾಗಿ ಸೇರಿಸಲಾಗಿದೆ. ಆದರೆ ಅದನ್ನು ಕುಡಿತದಂತಹ ವ್ಯಸನಗಳ ಪಟ್ಟಿಯಲ್ಲಿ ಇಟ್ಟಿಲ್ಲ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ, ಬಿಡಬೇಕೆಂದು ಮತ್ತೆ ಮತ್ತೆ ಪ್ರಯತ್ನಿಸಿಯೂ ಆಗದೆ, ಕೆಲಸ, ಆರೋಗ್ಯ, ಸಂಬಂಧಗಳು ಕೆಡುತ್ತಿದ್ದರೆ ಮಾತ್ರ ಅದನ್ನು ತೊಂದರೆ ಎನ್ನುತ್ತೇವೆ. ನೋಡಿದ್ದು ಪಾಪವೆಂಬ ಕೊರಗೊಂದೇ ಇದ್ದರೆ ಅದು ಈ ರೋಗವಲ್ಲವೆಂದು ಅದೇ ವರ್ಗೀಕರಣ ಸ್ಪಷ್ಟಪಡಿಸುತ್ತದೆ. ನಿಮ್ಮ ವಿಷಯದಲ್ಲಿ ನಿದ್ದೆಯೂ ಕೆಲಸವೂ ಕೆಡುತ್ತಿರುವುದರಿಂದ ಎದುರು ಕೂತು ಪರೀಕ್ಷಿಸುವ ಅಗತ್ಯವಿದೆ.

ಆಣೆ ಏಕೆ ಮುರಿಯಿತೆಂಬುದನ್ನು ನೀವು ತಿಳಿಯಲೇಬೇಕು, ಏಕೆಂದರೆ ನಿಮ್ಮನ್ನು ನೀವೇ ಕೆಟ್ಟವನೆಂದು ಹಳಿದುಕೊಳ್ಳುತ್ತಿರುವುದು ಅಲ್ಲಿಂದಲೇ. ದಣಿವು, ಒಂಟಿತನ, ಬೇಸರ ಇದ್ದಾಗ ಮಿದುಳು ಬೇಗ ಸಿಗುವ ಸಮಾಧಾನವನ್ನು ಹುಡುಕುತ್ತದೆ. ಬೆರಳು ಸರಿಸಿದಷ್ಟೂ ಹೊಸ ದೃಶ್ಯ ಸಿಗುವ ಈ ವಿಡಿಯೋಗಳು ಡೋಪಮೈನ್ ಎಂಬ ಮಿದುಳಿನ ರಾಸಾಯನಿಕವನ್ನು ಆಧರಿಸಿದ ಬಯಕೆಯ ವ್ಯವಸ್ಥೆಯನ್ನು ಕೆರಳಿಸುತ್ತಲೇ ಇರುತ್ತವೆ. ದಿನಗಳೆದಂತೆ ಕತ್ತಲೆ ಕೋಣೆ, ಹಾಸಿಗೆ, ಮೊಬೈಲ್ ಇವೇ ಬಯಕೆಯನ್ನು ಎಬ್ಬಿಸುವ ಸೂಚನೆಗಳಾಗುತ್ತವೆ. ನೋಡಿದ ಮೇಲೆ ನಾಚಿಕೆ, ಆ ನಾಚಿಕೆ ತಾಳಲಾರದೆ ಮತ್ತೆ ಅದೇ ಮೊಬೈಲ್. ಆಣೆ ಮುರಿದಾಗ ಈ ನಾಚಿಕೆ ಇಮ್ಮಡಿಯಾಗುತ್ತದೆ. ಆದ್ದರಿಂದ ಮತ್ತೊಂದು ಆಣೆಯ ಬದಲು ಹತ್ತು ರೂಪಾಯಿಯ ನೋಟುಪುಸ್ತಕ ಕೊಳ್ಳಿ. ಯಾವ ಹೊತ್ತಿನಲ್ಲಿ, ಯಾವ ಮನಃಸ್ಥಿತಿಯಲ್ಲಿ ಕೈ ಅತ್ತ ಹೋಯಿತೆಂದು ಬರೆಯಿರಿ. ಮೊಬೈಲನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕಿ, ಅಲಾರಾಂ ಗಡಿಯಾರ ಇಟ್ಟುಕೊಳ್ಳಿ. ಬಯಕೆ ಉಕ್ಕಿದಾಗ ಎದ್ದು ಹೊರಗೆ ಹೋಗಿ. ಅದು ತಾನಾಗಿಯೇ ಇಳಿಯುತ್ತದೆ. ಒಂದು ರಾತ್ರಿ ತಪ್ಪಿದರೆ ಎಲ್ಲವೂ ಮುಗಿಯಿತೆಂದುಕೊಳ್ಳಬೇಡಿ.

ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಹೋಗಲು ಸಂಕೋಚವಾದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಈ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮನಸ್’ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಮುಖ್ಯ ಚಿಕಿತ್ಸೆ ಆಪ್ತಸಮಾಲೋಚನೆಯೇ. ಖಿನ್ನತೆ, ಆತಂಕ ಜೊತೆಗಿದ್ದರೆ ಮಾತ್ರೆಯೂ ಬೇಕಾಗಬಹುದು. ನೀವು ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಮ್ಮ ಹೊಣೆ.

ಇಷ್ಟರಿಂದಲೇ ಮದುವೆ ಮುಂದೂಡಬೇಕಿಲ್ಲ, ಆದರೆ ಮದುವೆಯಾದರೆ ತಾನೇ ಬಿಟ್ಟುಹೋಗುತ್ತದೆಂದು ನಂಬಿ ಕೂರಬೇಡಿ. ಕ್ಯಾಮೆರಾಕ್ಕಾಗಿ ಮಾಡಿದ ದೃಶ್ಯಗಳಲ್ಲಿ ಒಪ್ಪಿಗೆ ಕೇಳುವುದಿಲ್ಲ, ದಣಿವು, ಸಂಕೋಚ, ನೋವು ಕಾಣುವುದಿಲ್ಲ. ಅದನ್ನೇ ದಾಂಪತ್ಯದ ಪಾಠವೆಂದುಕೊಂಡ ಗಂಡನಿಂದ ನೊಂದ ಹೆಣ್ಣುಮಕ್ಕಳ ಕಣ್ಣೀರನ್ನು ನಾನು ಕಂಡಿದ್ದೇನೆ. ಆ ಹುಡುಗಿಗೆ ಹಾಗಾಗಬಾರದು. ಚಿಕಿತ್ಸೆಯನ್ನು ಈಗಲೇ ಆರಂಭಿಸಿ.

ಮರುಪ್ರಶ್ನೆ (ಅದೇ ಸದಸ್ಯರು): ಅವಳಿಗೆ ಈಗಲೇ ಹೇಳಲೇ ಸರ್?

ಉತ್ತರ: ಸುಳ್ಳು ಹೇಳಬೇಡಿ. ಆದರೆ ಎದೆಭಾರ ಇಳಿಸಿಕೊಳ್ಳಲು ಮಧ್ಯರಾತ್ರಿ ಮೆಸೇಜಿನಲ್ಲಿ ಎಲ್ಲವನ್ನೂ ಅವಳ ಮೇಲೆ ಹೇರುವುದೂ ಬೇಡ. ಸಮಾಲೋಚಕರೊಂದಿಗೆ ಒಂದೆರಡು ಸಲ ಮಾತನಾಡಿ, ಯಾವ ಮಾತಿನಲ್ಲಿ ಹೇಳಬೇಕೆಂದು ತೀರ್ಮಾನಿಸಿ, ಮದುವೆಗೆ ಮುನ್ನವೇ ಹೇಳಿ.

ಪ್ರಶ್ನೆ (ಚಿತ್ರದುರ್ಗದ ತಾಯಿಯೊಬ್ಬರು): ಒಂಬತ್ತನೇ ತರಗತಿಯ ಮಗನ ವಾಟ್ಸಾಪ್ ಗ್ರೂಪಿನಲ್ಲಿ ಇಂಥ ವಿಡಿಯೋ ಕಂಡೆ. ಅವರಪ್ಪನಿಗೆ ಹೇಳಿದರೆ ಹೊಡೆಯುತ್ತಾರೆ. ಏನು ಮಾಡಲಿ?

ಉತ್ತರ: ಹೊಡೆಸಬೇಡಿ ಅಮ್ಮ. ಹೊಡೆತ ತಿಂದ ಹುಡುಗ ನೋಡುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾನೆ. ಈ ವಯಸ್ಸಿನ ಕುತೂಹಲ ಸಹಜವೆಂದೂ, ಅಲ್ಲಿ ಕಂಡದ್ದು ನಿಜವಾದ ಪ್ರೀತಿಯಲ್ಲವೆಂದೂ ಅವನಿಗೆ ಶಾಂತವಾಗಿ ಹೇಳಿ, ಆ ಗ್ರೂಪಿನಿಂದ ಹೊರಬರಲು ಸಹಾಯ ಮಾಡಿ. ಅಂಥದ್ದನ್ನು ಬೇರೆಯವರಿಗೆ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಮಕ್ಕಳಿರುವ ದೃಶ್ಯವಾದರೆ ಡೌನ್‌ಲೋಡ್ ಮಾಡಿಕೊಳ್ಳುವುದೂ ಅಪರಾಧವೇ ಎಂಬುದನ್ನು ಅವನು ತಿಳಿದಿರಬೇಕು. ಮಗುವಿನ ದೃಶ್ಯವೇ ಇದ್ದರೆ ಯಾರಿಗೂ ಫಾರ್ವರ್ಡ್ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅವನ ತಂದೆಗೆ ನೀವೊಬ್ಬರೇ ಹೇಳುವುದು ಕಷ್ಟವೆನಿಸಿದರೆ ಇಬ್ಬರೂ ಒಟ್ಟಿಗೆ ಸಮಾಲೋಚಕರ ಬಳಿ ಬನ್ನಿ. ಆ ಮಾತನ್ನು ನಾವು ಆಡುತ್ತೇವೆ.